ಸಾವಿರ ಹೆಸರಿನ ಪಹಣಿ

ಮಾರ್ಚ್ ಬಂತೆಂದರೆ ನಮ್ಮಲ್ಲೊಂದು ಫಾರಂ ತುಂಬಬೇಕು. ಪೇಪರ್ ಎಷ್ಟು, ಅವನ್ನು ಬೇರೆಯವರು ಉಲ್ಲೇಖಿಸಿದ ಸೈಟೇಶನ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು. ಗುರುತ್ವ ಅಲೆಗಳ ಬೆನ್ನುಹತ್ತಿ ಇಪ್ಪತ್ತೈದು ವರ್ಷ ಕಳೆದವನು ನಾನು. 2015ರವರೆಗೆ ನಾನು ಬರೆದ ಅಂಕಿ ನೋಡಿ ಯಾರೂ ತಲೆ ಎತ್ತುತ್ತಿರಲಿಲ್ಲ. ಮರುವರ್ಷದಿಂದ ಅದೇ ಕಾಲಂ ನೋಡಿ ಕೂರಿಸಿ ಕಾಫಿ ತರಿಸತೊಡಗಿದರು. ನಡುವೆ ನಾನೇನೂ ಜಾಣನಾಗಿರಲಿಲ್ಲ.

ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಈ ಅಲೆಗಳನ್ನು ಹಿಡಿಯುವ ಲೈಗೊ-ಇಂಡಿಯಾ ಕಟ್ಟಲು 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಮೇಲೆ ಈ ಕಡೆ ಬರುವ ಹುಡುಗ ಹುಡುಗಿಯರು ಹೆಚ್ಚಾಗಿದ್ದಾರೆ. ಕಾರಿಡಾರಿನಲ್ಲಿ ನಿಂತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಪೇಪರಿಗಿಂತ ಮೊದಲು ಹೆಸರು ಸರಿಮಾಡಿಕೊಳ್ಳಿ

ನಮ್ಮ ಕಡೆ ಸರ್‌ನೇಮ್ ಇಲ್ಲ. ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್: ಒಂದು ಊರಿನದು, ಒಂದು ಅಪ್ಪನದು. ಮೊದಲ ಮೂರು ಪೇಪರಿನಲ್ಲಿ ಹಾಗೇ ಅಚ್ಚಾಯಿತು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದದ್ದೇ ತಡ, ಅಪ್ಪನ ಹೆಸರು ಸರ್‌ನೇಮ್ ಕಾಲಂಗೆ ಹೋಗಿ ಕೂತಿತು. ಹೊರದೇಶದಲ್ಲಿದ್ದ ಎರಡು ವರ್ಷ ಎಲ್ಲರೂ ನನ್ನನ್ನು ಅಪ್ಪನ ಹೆಸರು ಹಿಡಿದೇ ಕರೆದರು. ಪೇಪರುಗಳೂ ಅವರ ಹೆಸರಲ್ಲೇ ಬಂದವು. ತೆಂಗಿನ ತೋಟ ಬಿಟ್ಟು ಬೇರೇನೂ ನೋಡದ ಅಪ್ಪ, "ನಾನು ಫಿಸಿಕ್ಸ್ ಓದಿದ್ದು ಯಾವಾಗಲೋ?" ಎಂದು ನಕ್ಕಿದ್ದರು.

ಡೇಟಾಬೇಸಿನಲ್ಲಿ ನಾನು ಇಬ್ಬರಾದೆ. ಸಾಲದ್ದಕ್ಕೆ ನನ್ನದೇ ಹೆಸರಿನ ರಸಾಯನಶಾಸ್ತ್ರಜ್ಞರೊಬ್ಬರ ಪಾಲಿಮರ್ ಪೇಪರುಗಳು ನನ್ನ ಲೆಕ್ಕಕ್ಕೆ ಜಮೆಯಾಗಿದ್ದವು. ಬಿಡಿಸಿಕೊಳ್ಳಲು ಒಂದು ಬೇಸಿಗೆ ರಜೆ ಹೋಯಿತು. ಈಗ ಸಂಶೋಧಕರನ್ನು ಒಬ್ಬೊಬ್ಬರಾಗಿ ಗುರುತಿಸುವ ಆರ್ಕಿಡ್ ಸಂಖ್ಯೆ ಪುಕ್ಕಟೆ ಸಿಗುತ್ತದೆ. ಪಿಎಚ್‌.ಡಿ.ಗೆ ಸೇರಿದ ವಾರವೇ ಮಾಡಿಸಿಕೊಳ್ಳಿ.

2. ಜಂಟಿ ಖಾತೆಯಲ್ಲಿ ನಿಮ್ಮ ಉಳುಮೆ ಎಷ್ಟು, ಬರೆದಿಟ್ಟುಕೊಳ್ಳಿ

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್‌ನ ಲೈಗೊ ಉಪಕರಣಗಳು ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಹೊತ್ತು ಒಂದು ಅಲೆ ಹಿಡಿದವು. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಸುಮಾರು 130 ಕೋಟಿ ವರ್ಷಗಳ ಹಿಂದೆ ಒಂದಾಗಿದ್ದವು. ಮೂರು ಸೂರ್ಯರಷ್ಟು ದ್ರವ್ಯ ಅಲೆಯಾಗಿ ಹರಿದುಹೋಗಿತ್ತು. ಇಲ್ಲಿಗೆ ಬರುವ ಹೊತ್ತಿಗೆ ಅದು ನಾಲ್ಕು ಕಿಲೊಮೀಟರ್ ಉದ್ದದ ತೋಳನ್ನು ಅಲುಗಿಸಿದ್ದು ಪ್ರೋಟಾನಿನ ಅಗಲದ ನೂರನೇ ಒಂದು ಪಾಲಿಗೂ ಕಡಿಮೆ.

2016ರ ಫೆಬ್ರವರಿ 11ರಂದು ಪೇಪರ್ ಬಂತು. ಲೇಖಕರು ಸುಮಾರು ಸಾವಿರ, ಹೆಸರುಗಳು ಅಕಾರಾದಿಯಲ್ಲಿ. ಹಾಗಾಗಿ ಲೋಕವೆಲ್ಲ ಅದನ್ನು "ಅಬಾಟ್ ಮತ್ತಿತರರು" ಎಂದೇ ಉಲ್ಲೇಖಿಸುತ್ತದೆ. ಆ "ಇತರರು"ಗಳಲ್ಲಿ ನಾನೂ ಒಬ್ಬ. ಮರುವರ್ಷ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ದೂರದರ್ಶಕದವರೂ ಸೇರಿದರು. ಆ ಪೇಪರಿನ ಲೇಖಕರು ಮೂರೂವರೆ ಸಾವಿರದಷ್ಟು.

ಊರಿನ ಜಂಟಿ ಖಾತೆಯ ಪಹಣಿ ನೋಡಿದವರಿಗೆ ಇದು ಹೊಸದಲ್ಲ. ಅಜ್ಜನ ಕಾಲದಿಂದ ಭಾಗವಾಗದ ಜಮೀನು, ಹೆಸರು ಹದಿನೆಂಟು. ಉತ್ತವರು ಯಾರು, ಬದು ಹಾಕಿದವರು ಯಾರು, ಬೆಂಗಳೂರಲ್ಲಿ ಕೂತು ಪಾಲು ಕೇಳುವವರು ಯಾರು ಎಂದು ಪಹಣಿ ಹೇಳುವುದಿಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳು ಕೆಲಸದ ಸಂದರ್ಶನಕ್ಕೆ ಹೋಗಿದ್ದಳು. ಅವಳ ಸೈಟೇಶನ್ ಸಂಖ್ಯೆ ಆ ಕೋಣೆಯಲ್ಲಿದ್ದ ಪ್ರೊಫೆಸರುಗಳೆಲ್ಲರದನ್ನು ಕೂಡಿದರೂ ಹೆಚ್ಚು. ಒಬ್ಬರು ಕನ್ನಡಕ ತೆಗೆದು, "ಇದರಲ್ಲಿ ನಿನ್ನದೇನಮ್ಮ?" ಎಂದರು. ಅವಳು ಚೀಲದಿಂದ ಒಂದು ಲಾಂಗ್‌ಬುಕ್ ತೆಗೆದಳು. ಯಾವ ದಿನ ಯಾವ ಗ್ಲಿಚ್ (ಉಪಕರಣದ ಸುಳ್ಳು ಸದ್ದು) ನೋಡಿದೆ, ಯಾವ ಚಾನೆಲ್ಲಿನಿಂದ ಬಂತು, ಯಾರಿಗೆ ತಿಳಿಸಿದೆ, ಯಾವ ಕೋಡಿನ ಯಾವ ಭಾಗ ನನ್ನದು ಎಲ್ಲ ಅದರಲ್ಲಿತ್ತು. ಎಡಗಡೆ ತಾರೀಕು, ಬಲಗಡೆ ಪೆನ್ಸಿಲ್ಲಿನ ಸಣ್ಣ ನಕ್ಷೆ. ಅರ್ಧ ಗಂಟೆ ಆ ಪುಸ್ತಕವೇ ಮಾತಾಡಿತಂತೆ. ಆ ಅಭ್ಯಾಸ ಅವಳು ನನ್ನಿಂದ ಕಲಿತದ್ದಲ್ಲ. ನಾನೇ ಅವಳಿಂದ ಕಲಿತೆ, ತಡವಾಗಿ.

3. ಲೆಕ್ಕಕ್ಕೆ ಸಿಗದ ಪೇಪರನ್ನೂ ಮನಸ್ಸಿಟ್ಟು ಬರೆಯಿರಿ

2010ರ ಸೆಪ್ಟೆಂಬರಿನಲ್ಲಿ ಒಂದು ಚಂದದ ಸಂಕೇತ ಬಂತು. ಮಹಾಶ್ವಾನ ನಕ್ಷತ್ರಪುಂಜದ ದಿಕ್ಕಿನಿಂದ ಬಂದ ಹಾಗಿತ್ತೆಂದು "ಬಿಗ್ ಡಾಗ್" ಎಂದು ಕರೆದೆವು. ನಮ್ಮನ್ನು ಪರೀಕ್ಷಿಸಲು ಕೆಲವೇ ಮಂದಿ ಗುಟ್ಟಾಗಿ ಸುಳ್ಳು ಸಂಕೇತ ತೂರಿಸುವ ಪದ್ಧತಿ ಇತ್ತು, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಆರು ತಿಂಗಳು ನಿಜವೆಂದೇ ದುಡಿದೆವು. ಪೇಪರಿನ ಅಲ್ಪವಿರಾಮಕ್ಕೂ ಜಗಳವಾಡಿದೆವು. 2011ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸಭೆಯಲ್ಲಿ ಆ ಗುಟ್ಟಿನ "ಲಕೋಟೆ" ಒಡೆದರು. ನಾವಿಲ್ಲಿ ಅಪರಾತ್ರಿಯಲ್ಲಿ ಸ್ಪೀಕರ್‌ಫೋನಿನ ಸುತ್ತ ಕೂತಿದ್ದೆವು. ತೂರಿಸಿದ್ದೇ ಎಂದು ಗೊತ್ತಾದಾಗ ಯಾರೂ ಮಾತಾಡಲಿಲ್ಲ. ಒಬ್ಬರು ಫ್ಲಾಸ್ಕಿನಲ್ಲಿ ಉಳಿದ ಟೀ ಬಗ್ಗಿಸಿದರು.

ಆ ಪೇಪರಿಗೆ ನನ್ನ ಫಾರಂನಲ್ಲಿ ಜಾಗವಿಲ್ಲ. ಆದರೆ ನಾಲ್ಕೂವರೆ ವರ್ಷದ ಮೇಲೆ ನಿಜವಾದ ಅಲೆ ಬಂದಾಗ, ಮೊದಲ ವಾರ ಏನೇನು ನೋಡಬೇಕು, ಯಾರನ್ನು ಏನು ಕೇಳಬೇಕು ಎಂದು ತಡಕಾಡಬೇಕಾಗಲಿಲ್ಲ.

4. ಸೈಟೇಶನ್ ಎಂದರೆ ಹೊಗಳಿಕೆ ಎಂದುಕೊಳ್ಳಬೇಡಿ

ಮೇರಿಲ್ಯಾಂಡಿನ ಜೋಸೆಫ್ ವೆಬರ್ 1969ರಲ್ಲಿ ಅಲ್ಯೂಮಿನಿಯಂ ಉರುಳೆಗಳಲ್ಲಿ ಗುರುತ್ವ ಅಲೆ ಸಿಕ್ಕಿತೆಂದು ಬರೆದರು. ಬೇರೆಯವರು ಕಟ್ಟಿದ ಉರುಳೆಗಳಿಗೆ ಏನೂ ಕೇಳಿಸಲಿಲ್ಲ. ಇವತ್ತಿಗೂ ಆ ಪೇಪರನ್ನು ಉಲ್ಲೇಖಿಸುತ್ತಾರೆ; ಒಪ್ಪಿದವರು, ಅಲ್ಲಗಳೆದವರು, ಹೀಗೊಂದು ಉಪಕರಣ ಕಟ್ಟಬಹುದು ಎಂದು ಧೈರ್ಯ ತಂದುಕೊಂಡವರು, ಎಲ್ಲರೂ. ಎಣಿಕೆಯಲ್ಲಿ ಎಲ್ಲವೂ ಒಂದೊಂದೇ.

5. ಎಚ್-ಇಂಡೆಕ್ಸ್ ಕೇಳಿದರೆ ಎರಡು ಹೇಳಿ

ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ತಂದ ಅಳತೆ. ಕನಿಷ್ಠ ಇಪ್ಪತ್ತು ಸಲ ಉಲ್ಲೇಖಗೊಂಡ ಇಪ್ಪತ್ತು ಪೇಪರ್ ಇದ್ದರೆ ನಿಮ್ಮ ಅಂಕಿ ಇಪ್ಪತ್ತು. ಅಬಾಟ್‌ಗಳನ್ನು ಸೇರಿಸಿದರೆ ನನ್ನದು ಅರವತ್ತು ದಾಟುತ್ತದೆ, ತೆಗೆದರೆ ಹದಿನೇಳು. ಫಾರಂನಲ್ಲಿ ಎರಡನ್ನೂ ಬರೆದೆ. ಗುಮಾಸ್ತರು ಚಿಕ್ಕದನ್ನು ಹೊಡೆದುಹಾಕಿ, "ಒಂದು ಕಾಲಂಗೆ ಒಂದೇ ನಂಬರ್ ಸರ್" ಎಂದರು. ಪ್ರತಿ ವರ್ಷ ಬರೆಯುತ್ತೇನೆ, ಪ್ರತಿ ವರ್ಷ ಹೊಡೆಯುತ್ತಾರೆ.

6. ಗದ್ದಲ ಸೋಸುವವರ ಪಕ್ಕ ಕೂತು ಕಲಿಯಿರಿ

2017ರ ಬೇಸಿಗೆಯಲ್ಲಿ ಹ್ಯಾನ್‌ಫರ್ಡ್‌ನ ಡೇಟಾದಲ್ಲಿ ಕುಟ್ಟಿದಂಥ ಸದ್ದು ಕಾಣಿಸಿತು. ಹುಡುಕುತ್ತ ಹೋದರೆ, ದ್ರವ ಸಾರಜನಕದ ಕೊಳವೆಯ ಮೇಲೆ ಕಟ್ಟಿದ ಹಿಮದಲ್ಲಿ ಕೊಕ್ಕಿನ ಗುರುತು! ಅದು ಮಳೆ ಕಾಣದ ನಾಡು. ಬಾಯಾರಿದ ಕಾಡುಕಾಗೆಗಳು ಹಿಮ ಕುಕ್ಕುತ್ತಿದ್ದವು. ಹೂಜಿಗೆ ಕಲ್ಲು ಹಾಕಿದ ಕಾಗೆಯ ಮೊಮ್ಮಕ್ಕಳೇ ಇರಬೇಕು. ಕಾಗೆ ಹಿಡಿದವರಿಗೆ ಎಷ್ಟು ಸೈಟೇಶನ್ ಬಂತೆಂದು ಕೇಳಬೇಡಿ. ಆ ಸದ್ದನ್ನು ಯಾರೋ ಒಬ್ಬರು "ಇದೇನಿದು" ಎಂದು ಕೇಳದಿದ್ದರೆ ನಮ್ಮ ಸೋಸುವ ಕೋಡುಗಳಿಗೆಲ್ಲ ಏನು ಬೆಲೆ?

7. ಸೈಟೇಶನ್ನಿಗೆ ಅವಸರವಿಲ್ಲ

ಪಾತ್ರೆ ಕೈಜಾರಿ ಬಿದ್ದರೆ ಪಕ್ಕದ ಕೋಣೆಯಲ್ಲಿದ್ದವರಿಗೂ ಹಿತ್ತಾಳೆಯೋ ಸ್ಟೀಲೋ, ಕೊಳಗವೋ ಲೋಟವೋ ಗೊತ್ತಾಗುತ್ತದೆ. ಸದ್ದಿನ ಶ್ರುತಿ, ಅದು ಅಡಗುವ ವೇಗ, ಇವೆರಡೇ ಸಾಕು. ಕಪ್ಪುಕುಳಿಯೂ ಹೀಗೆಯೇ ನಾದ ಹೊಮ್ಮಿಸಿ ಅಡಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಮೇರಿಲ್ಯಾಂಡಿನಲ್ಲಿ ಚಾರ್ಲ್ಸ್ ಮಿಸ್ನರ್ ಬಳಿ ಪಿಎಚ್‌.ಡಿ. ಮಾಡಿದ್ದ ಅವರು, ಕಪ್ಪುಕುಳಿಯ ಮೇಲೆ ಅಲೆಯ ತುಣುಕೊಂದನ್ನು ಹಾಯಿಸಿದರೆ ಏನು ಮರಳುತ್ತದೆ ಎಂದು ಗಣಕದಲ್ಲಿ ನೋಡಿದರು. ಮರಳಿದ್ದು ಕ್ಷೀಣಿಸುತ್ತ ಹೋಗುವ ಒಂದು ಕಂಪನ. ಆ ಶ್ರುತಿ, ಅದು ಅಡಗುವ ವೇಗ ಇವೆರಡರಿಂದ ಕಪ್ಪುಕುಳಿಯ ತೂಕ, ಬುಗುರಿಯ ಹಾಗೆ ತಿರುಗುವ ವೇಗ ಎರಡನ್ನೂ ಹೇಳಬಹುದು. 1970ರಲ್ಲಿ ಪೇಪರ್ ಬಂದಾಗ ಕಪ್ಪುಕುಳಿ ಇದೆಯೋ ಇಲ್ಲವೋ ಎಂಬುದೇ ಇತ್ಯರ್ಥವಾಗಿರಲಿಲ್ಲ.

ಅವರು ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆಗಳಲ್ಲಿ ದುಡಿದರು. ನೆಹರೂ ತಾರಾಲಯದ ಮೊದಲ ನಿರ್ದೇಶಕರಾಗಿ ಅದನ್ನು ಕಟ್ಟಿದರು, ಕಾರ್ಟೂನ್ ಬರೆದರು. ಶಾಲೆಯ ಮಕ್ಕಳು ಕತ್ತೆತ್ತಿ ನೋಡುವ ಪ್ರದರ್ಶನಕ್ಕೆ ಸೈಟೇಶನ್ ಬರುವುದಿಲ್ಲ. ಇವತ್ತಿನ ಫಾರಂ ಆಗಿದ್ದರೆ ಆ ವರ್ಷಗಳು ಖಾಲಿ ಕಾಣುತ್ತಿದ್ದವು. 2016ರ ಫೆಬ್ರವರಿಯ ಪ್ರಕಟಣೆಯನ್ನು ಅವರು ಕಂಡರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು.

ಪ್ರಕಟಣೆಯ ರಾತ್ರಿ ಪೇಪರಿನ ಅಚ್ಚಾದ ರೂಪವನ್ನು ಪ್ರಿಂಟ್ ತೆಗೆದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೊದಲು ಹುಡುಕಿದ್ದು ನನ್ನ ಹೆಸರನ್ನೇ. ಸಾವಿರದ ನಡುವೆ, ಸರ್‌ನೇಮ್ ಜಾಗದಲ್ಲಿ ಅಪ್ಪ. ಆಮೇಲೆ ಉಲ್ಲೇಖಗಳ ಪಟ್ಟಿಗೆ ಬಂದೆ. ಎಂಟನೆಯದು ಅದು: ಸಿ.ವಿ. ವಿಶ್ವೇಶ್ವರ, ನೇಚರ್, ಸಂಪುಟ 227, ಪುಟ 936, 1970. ಲೇಖಕರು ಒಬ್ಬರೇ. ಇನಿಷಿಯಲ್ ಬಿಡಿಸಿಲ್ಲ.