ನೋಡಿ ಕಲಿತರೆ ಧೈರ್ಯವೂ ಕೈಗೂಡುತ್ತದೆ

ಜೋಳದ ರೊಟ್ಟಿಯನ್ನು ಪುಸ್ತಕ ಓದಿ ಕಲಿತವರು ಕಡಿಮೆ. ಅವ್ವನೋ ಅತ್ತೆಯೋ ಬಡಿಯುವುದನ್ನು ಪಕ್ಕದಲ್ಲೇ ಕೂತು ನೋಡಿದಾಗ ಕೈ ಪಳಗುತ್ತದೆ. ಹೀಗೆ ನೋಡಿ ಕಲಿಯುವ ಬಗೆಯನ್ನು ಬಿಡಿಸಿ ತೋರಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ (1925–2021). ದೊಡ್ಡವರು ಗೊಂಬೆಯೊಂದನ್ನು ಹೊಡೆಯುವುದನ್ನು ಕಂಡ ಪುಟ್ಟ ಮಕ್ಕಳು, ಯಾರೂ ಹೇಳಿಕೊಡದಿದ್ದರೂ ಹಾಗೆಯೇ ಹೊಡೆದದ್ದನ್ನು ಅವರ 1961ರ ಪ್ರಯೋಗ ದಾಖಲಿಸಿತು. ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು 1977ರಲ್ಲಿ ಅವರು ವಿವರಿಸಿದರು. ಆ ತಿಳಿವಳಿಕೆಯನ್ನು ಬಳಸಿಕೊಳ್ಳುವುದು ಹೀಗೆ:

1. ಒಂದೊಂದನ್ನೇ ಗಮನಿಸಿ. ಇಂದು ಹಿಟ್ಟಿಗೆ ಕುದಿನೀರು ಎಷ್ಟು ಹಿಡಿಯುತ್ತದೆ ನೋಡಿ. ನಾಳೆ ಕೈಗಳನ್ನು ನೋಡಿ: ಒಂದು ಬಡಿಯುತ್ತಾ ರೊಟ್ಟಿಯನ್ನು ತಿರುಗಿಸುತ್ತದೆ, ಇನ್ನೊಂದು ಅಂಚು ಬಿರಿಯದಂತೆ ಒತ್ತಿ ಹಿಡಿಯುತ್ತದೆ.

2. ಕಂಡದ್ದನ್ನು ಮಾತಾಗಿಸಿ. ‘ನಾದು, ಉಂಡೆ ಕಟ್ಟು, ಹಿಟ್ಟು ಉದುರಿಸು, ಬಡಿ’ ಎಂದು ಮನಸ್ಸಿನಲ್ಲೇ ಹೇಳಿಕೊಂಡರೆ ಕ್ರಮ ಮರೆಯುವುದಿಲ್ಲ.

3. ನಿಮ್ಮಂಥವರನ್ನೂ ನೋಡಿ. ಪಳಗಿದವರಿಂದ ವಿಧಾನ ತಿಳಿಯುತ್ತದೆ. ಈಚೆಗಷ್ಟೇ ಕಲಿತವರು ಬಿರಿದ ಅಂಚನ್ನು ಒದ್ದೆ ಬೆರಳಿನಿಂದ ಸವರಿ ಸರಿಪಡಿಸುವುದನ್ನು ಕಂಡಾಗ, ‘ಅವರಿಗೆ ಆದದ್ದು ನನಗೂ ಆದೀತು’ ಎಂಬ ಭರವಸೆ ಮೂಡುತ್ತದೆ.

4. ಚಿಕ್ಕದರಿಂದ ಶುರು ಮಾಡಿ. ಮೊದಲು ಅಂಗೈ ಅಗಲದ ರೊಟ್ಟಿ ಸಾಕು. ಅದು ಹರಿಯದೆ ಹಂಚಿಗೆ ಬಿದ್ದರೆ ಮಾರನೆಯ ದಿನ ತುಸು ಅಗಲ ಮಾಡಿ. ಆತ್ಮವಿಶ್ವಾಸದ ಮೂಲಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಸ್ವಂತ ಕೈಯಿಂದ ಮಾಡಿ ಗೆದ್ದ ಅನುಭವವೇ ಎನ್ನುತ್ತಾರೆ ಬಂಡೂರಾ.

5. ನಂಬಿಕಸ್ಥರನ್ನು ಕೇಳಿ. ‘ಚೆನ್ನಾಗಿದೆ’ ಎಂಬ ಬರೀ ಹೊಗಳಿಕೆಗಿಂತ ‘ಈ ಸಲ ಹಿಟ್ಟು ಹದವಾಗಿ ನಾದಿದ್ದೀಯ’ ಎಂಬ ಮಾತು ಹೆಚ್ಚು ಬಲ ಕೊಡುತ್ತದೆ.

6. ನಡುಕಕ್ಕೆ ಹೆದರಬೇಡಿ. ಎದೆ ಡವಗುಟ್ಟಿತೆಂದರೆ ಕೆಲಸ ಬಾರದು ಎಂದಲ್ಲ. ಹೊಸದಕ್ಕೆ ಮೈ ಅಣಿಯಾಗುವ ಬಗೆ ಅದು. ಒಂದೆರಡು ಸಲ ನಿಧಾನವಾಗಿ ಉಸಿರೆಳೆದು ಬಿಟ್ಟು ಮುಂದುವರಿಯಿರಿ.

ಸ್ಕೂಟರ್ ಓಡಿಸುವುದಿರಲಿ, ಸಭೆಯಲ್ಲಿ ನಿಂತು ಮಾತಾಡುವುದಿರಲಿ, ಈ ಹೆಜ್ಜೆಗಳು ಅಲ್ಲಿಗೂ ಸಲ್ಲುತ್ತವೆ.

ಕಲಿಸುವವರಿಗೂ ಒಂದು ಮಾತು. ರೊಟ್ಟಿ ಹರಿದಾಗ ‘ಬಿಡು, ನಾನೇ ಮಾಡ್ತೀನಿ’ ಎಂದು ಹಿಟ್ಟನ್ನು ಕಸಿದುಕೊಳ್ಳಬೇಡಿ. ಹಾಗೆ ಮಾಡಿದರೆ ರೊಟ್ಟಿ ಬೇಗ ಆದೀತು, ಕಲಿಯುವವರ ಧೈರ್ಯ ಕುಂದುತ್ತದೆ. ಮುಂದಿನ ಉಂಡೆಯನ್ನೂ ಅವರ ಕೈಗೇ ಕೊಡಿ.