ಮದ್ಯಪಾನ ಬಿಡುವವರ ಆಹಾರ ಮತ್ತು ಎಡವಿದಾಗ ವಹಿಸತಕ್ಕ ಎಚ್ಚರ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಕಬ್ಬಿನ ಹೊಲಗಳಲ್ಲಿಯೂ ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿಯೂ ದುಡಿಯುವ ಕೆಲವರು ಸಂಜೆ ದಣಿವಾರಿಸಿಕೊಳ್ಳಲೆಂದು ಮದ್ಯದ ಮೊರೆಹೋಗುವುದುಂಟು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾದರೂ ಕುಡಿತದ ಚಟ ಉಳಿದೇ ಇದೆ. ಇದು ಚಿಕಿತ್ಸೆಗೆ ಒಳಪಡುವ ಕಾಯಿಲೆಯೆಂಬುದನ್ನು ಮೊದಲು ತಿಳಿಯಬೇಕು.

ಒಮ್ಮೆಲೇ ಬಿಡುವ ಮುನ್ನ

ಬಹುಕಾಲದಿಂದ ಪ್ರತಿದಿನವೂ ಹೆಚ್ಚಾಗಿ ಕುಡಿಯುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ಕುಡಿತ ನಿಂತ 6ರಿಂದ 24 ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ ತೋರಬಹುದು. ಕೆಲವರಿಗೆ ಎರಡು ದಿನಗಳೊಳಗಾಗಿ ಫಿಟ್ಸ್ ಬರುತ್ತದೆ. ಎರಡು-ಮೂರನೆಯ ದಿನ ಇಲ್ಲದ್ದು ಕಂಡಂತಾಗಿ, ಬಡಬಡಿಸಿ, ದಿಕ್ಕುಗಾಣದಂತಾಗುತ್ತಾರೆ. ಇದನ್ನು ಗಾಳಿ ಸೋಕಿತೆಂದು ಭಾವಿಸಿ ಕಾಲಹರಣ ಮಾಡಿದರೆ ಪ್ರಾಣಕ್ಕೆ ಅಪಾಯವುಂಟು. ತಕ್ಷಣ 108 ವಾಹನವನ್ನು ಕರೆಸಿ ಆಸ್ಪತ್ರೆಗೆ ಸಾಗಿಸಬೇಕು.

ಆಹಾರ ಕ್ರಮ

ಒಂದು ಗ್ರಾಂ ಮದ್ಯಸಾರದಿಂದ ಸುಮಾರು 7 ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಹಸಿವು ಇಂಗಿದಂತಾದರೂ ಸಸಾರಜನಕವಾಗಲಿ ಜೀವಸತ್ವಗಳಾಗಲಿ ದೇಹಕ್ಕೆ ಸಿಕ್ಕುವುದಿಲ್ಲ. ವಿಶೇಷವಾಗಿ ಬಿ1 ಜೀವಸತ್ವದ ಕೊರತೆಯಿಂದ ಕಾಲು ಜೋಮುಗಟ್ಟುವುದು, ನಡಿಗೆ ತಪ್ಪುವುದು, ನೆನಪು ಕುಂದುವುದು ಸಂಭವಿಸುತ್ತದೆ. ಈ ಕೊರತೆಗೆ ವೈದ್ಯರು ಮಾತ್ರೆ ಅಥವಾ ಚುಚ್ಚುಮದ್ದು ಕೊಡುವರು.

ಮೊದಲ ದಿನಗಳಲ್ಲಿ ಹೊಟ್ಟೆ ಒಗ್ಗದಿರುವುದರಿಂದ ಗಂಜಿ, ಮೆತ್ತಗಿನ ಅನ್ನ-ಬೇಳೆ, ಮಜ್ಜಿಗೆಯನ್ನು ಸ್ವಲ್ಪಸ್ವಲ್ಪವಾಗಿ ಐದಾರು ಸಲ ಕೊಡಬೇಕು. ಅನಂತರ ಜೋಳದ ರೊಟ್ಟಿ, ಮೊಳಕೆ ಬಂದ ಹೆಸರುಕಾಳು, ಮೆಂತ್ಯದ ಪಲ್ಯ, ಶೇಂಗಾ ಹಿಂಡಿ, ಮೊಟ್ಟೆ, ಹಾಲು ಇವುಗಳಿಗೆ ಬರಬಹುದು. ದುಬಾರಿ ಟಾನಿಕ್ಕು ಬೇಕಿಲ್ಲ. ಸಿಹಿ ತಿನ್ನಬೇಕೆನಿಸಿದರೆ ಶೇಂಗಾದೊಡನೆ ಒಂದು ಚೂರು ಬೆಲ್ಲ ಸಾಕು. ಸಕ್ಕರೆ ಕಾಯಿಲೆಯುಳ್ಳವರು ಅದನ್ನು ವರ್ಜಿಸಬೇಕು. ಹೊಟ್ಟೆ ಉಬ್ಬಿ ಕಾಲು ಬಾತಿದ್ದರೆ ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳತಕ್ಕದ್ದು.

ಬರಿ ಹೊಟ್ಟೆಯಲ್ಲಿ ಕುಡಿತದ ಆಸೆ ಬಲವಾಗುತ್ತದೆ. ಆದ್ದರಿಂದ ಕೆಲಸ ಬಿಟ್ಟೊಡನೆ ಏನಾದರೂ ತಿಂದು ನೀರು ಕುಡಿಯುವ ರೂಢಿ ಒಳ್ಳೆಯದು. ಹೊಲಕ್ಕೆ ಹೋಗುವಾಗ ಬುತ್ತಿಯಲ್ಲಿ ಒಂದು ರೊಟ್ಟಿಯನ್ನು ಸಂಜೆಗೆಂದೇ ಕಟ್ಟಿಕೊಡಬೇಕು.

ಎಡವಿದಾಗ

ಹಲವು ವಾರ ಬಿಟ್ಟವನೂ ಪಗಾರದ ದಿನವೋ, ಜಾತ್ರೆಯಲ್ಲೋ, ಗೆಳೆಯರ ಒತ್ತಾಯಕ್ಕೋ ಒಮ್ಮೆ ಕುಡಿಯಬಹುದು. ಆಗ 'ಹೇಗೂ ವ್ರತ ಕೆಟ್ಟಿತು' ಎಂದು ಕುಡಿಯುತ್ತಲೇ ಹೋಗುವುದು ಮೊದಲ ಲೋಟಕ್ಕಿಂತ ಹೆಚ್ಚಿನ ಹಾನಿ. ಅಲ್ಲಿಗೇ ನಿಲ್ಲಿಸಿ, ಊಟ ಮಾಡಿ, ಮಲಗಿ, ಮರುದಿನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಯಾವ ಹೊತ್ತು, ಯಾರ ಸಂಗಡ, ಹಸಿವೆಯೋ ಸಿಟ್ಟೋ ದಣಿವೋ ಎಂಬುದನ್ನು ಗುರುತಿಸಿಕೊಂಡರೆ ಮುಂದಿನ ಸಲಕ್ಕೆ ಉಪಾಯ ಹೊಳೆಯುತ್ತದೆ. ಪಗಾರವನ್ನು ಮನೆಯಾಕೆಯ ಕೈಗೆ ಕೊಡುವುದು, ಅಂಗಡಿಯಿಲ್ಲದ ದಾರಿ ಹಿಡಿಯುವುದು ಇಂಥ ಉಪಾಯಗಳು.

ಮನೆಯವರಿಗೆ

ಕುಡಿದಿರುವ ಹೊತ್ತಿನಲ್ಲಿ ವಾದ ಬೇಡ. ಮರುದಿನ ಮುಂಜಾನೆ ಶಾಂತವಾಗಿ ಮಾತನಾಡಿರಿ. ಹೊಡೆತ ಬಡಿತವನ್ನು ಮಾತ್ರ ಸಹಿಸಬೇಕಾಗಿಲ್ಲ. ಮಕ್ಕಳೊಡನೆ ಸುರಕ್ಷಿತ ಸ್ಥಳಕ್ಕೆ ಹೋಗಿ ನೆರವು ಪಡೆಯಿರಿ. ಕುಡಿತ ಬಿಡಿಸುವ ಮಾತ್ರೆಯನ್ನು ಗುಟ್ಟಾಗಿ ಅನ್ನದಲ್ಲಿ ಎಂದಿಗೂ ಬೆರೆಸಬಾರದು. ಅದರ ಮೇಲೆ ಮದ್ಯ ಸೇವಿಸಿದರೆ ವಿಪರೀತ ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾವೂ ಸಂಭವಿಸಬಹುದು. ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆಯೇ ವೈದ್ಯರು ಅದನ್ನು ಕೊಡತಕ್ಕದ್ದು.

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಸಲಹೆ ಪಡೆಯಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು. ಎರಡನೆಯ ಸಲ, ಮೂರನೆಯ ಸಲ ಬಂದವರಿಗೂ ಚಿಕಿತ್ಸೆ ಉಂಟು; ನಾಚಿಕೆಯಿಂದ ಮನೆಯಲ್ಲಿ ಉಳಿಯಬೇಡಿರಿ.