ಕಲ್ಲುಕುಟಿಗರ ವಿನೋದ

ದೇವಾಲಯವನ್ನು ಪ್ರವೇಶಿಸಿದ ಭಕ್ತನ ದೃಷ್ಟಿ ಸಹಜವಾಗಿಯೇ ಗರ್ಭಗೃಹದ ಕಡೆಗೆ ಹರಿಯುತ್ತದೆ. ಅದು ಯುಕ್ತವೇ ಸರಿ. ಆದರೆ ಪ್ರದಕ್ಷಿಣೆ ಮುಗಿಸಿ ಜಗಲಿಯಲ್ಲಿ ಕ್ಷಣಕಾಲ ಕುಳಿತವನ ಕಣ್ಣಿಗೆ ಬೇರೊಂದು ಲೋಕ ತೆರೆಯುತ್ತದೆ. ಕಂಬದ ಬುಡದಲ್ಲಿ ಚೇಷ್ಟೆಯ ಕಪಿ, ತಳಪಟ್ಟಿಕೆಯಲ್ಲಿ ಆನೆಗಳ ಸಾಲು, ಮೂಲೆಯಲ್ಲಿ ಹೊಟ್ಟೆ ಡೊಳ್ಳಾದ ಕುಬ್ಜ ಗಣ. ಇವುಗಳಿಗೆ ಅಭಿಷೇಕವಿಲ್ಲ, ನೈವೇದ್ಯವಿಲ್ಲ. ಇವು ಕಲ್ಲುಕುಟಿಗರ ವಿನೋದದಿಂದ ಹುಟ್ಟಿದ ರೂಪಗಳು. ಇವು ದೇವಾಲಯದಲ್ಲಿ ಏಕಿವೆ, ಜೀರ್ಣೋದ್ಧಾರದ ಸಮಯದಲ್ಲಿ ಇವುಗಳ ಗತಿ ಏನಾಗಬೇಕು ಎಂಬುದು ವಿಚಾರಾರ್ಹವಾದ ವಿಷಯ.

ಮೂಲಮೂರ್ತಿಯ ವಿಷಯದಲ್ಲಿ ಶಿಲ್ಪಿಗೆ ಸ್ವಾತಂತ್ರ್ಯ ಅತ್ಯಲ್ಪ. ಮುಖದ ಉದ್ದವನ್ನೇ ಅಳತೆಗೋಲಾಗಿ ಹಿಡಿದು ಇಡೀ ದೇಹವನ್ನು ಅಳೆಯುವ ತಾಲಮಾನವಿದೆ. ಆಯುಧ, ಮುದ್ರೆ, ಆಸನಗಳನ್ನು ಧ್ಯಾನಶ್ಲೋಕವು ನಿರ್ಣಯಿಸಿದೆ. ಅಲ್ಲಿ ಒಂದು ಬೆರಳನ್ನೂ ಮನಬಂದಂತೆ ಮಡಿಸುವಂತಿಲ್ಲ. ಆದರೆ ಅಧಿಷ್ಠಾನದ ಪಟ್ಟಿಕೆಗಳಲ್ಲಿ ಆನೆಗಳ ಸಾಲು, ಹಂಸಗಳ ಸಾಲು ಬರಲಿ ಎಂದರೆ ಸಾಕು. ಯಾವ ಆನೆ ಸೊಂಡಿಲನ್ನು ಎತ್ತ ತಿರುಗಿಸಬೇಕೆಂಬುದು ಉಳಿ ಹಿಡಿದವನ ಇಚ್ಛೆ. ಕಟ್ಟಳೆ ಸಡಿಲವಾದ ಎಡೆಯಲ್ಲಿ ಅವನ ಕೈ ನಲಿಯಿತು.

ಇದಕ್ಕೆ ದೂರ ಹೋಗಬೇಕಿಲ್ಲ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಭಕ್ತರಿಗೆ ಪರಿಚಿತವಾದ ಖಿದ್ರಾಪುರದ ಕೋಪೇಶ್ವರನ ಸನ್ನಿಧಿಯೇ ಸಾಕ್ಷಿ. ಕೃಷ್ಣಾ ತೀರದ ಈ ಗುಡಿ ೧೨ನೆಯ ಶತಮಾನದಲ್ಲಿ ಶಿಲಾಹಾರರ ಆಳ್ವಿಕೆಯಲ್ಲಿ ಎದ್ದಿತು. ಯಾದವ ಸಿಂಘಣನ ಶಕ ೧೧೩೬ರ ಶಾಸನವು ಸಂಸ್ಕೃತದಲ್ಲಿದೆ. ಉಳಿದ ಶಾಸನಗಳು ಕನ್ನಡದಲ್ಲಿವೆ. ಗುಡಿಯ ತಳದಲ್ಲಿ ತೊಂಬತ್ತಕ್ಕೂ ಮಿಕ್ಕ ಆನೆಗಳು ಇಡೀ ದೇವಾಲಯವನ್ನು ಬೆನ್ನ ಮೇಲೆ ಹೊತ್ತಂತೆ ನಿಂತಿವೆ. ಒಂದರ ಅಲಂಕಾರ ಇನ್ನೊಂದಕ್ಕಿಲ್ಲ. ಕರಿಕಲ್ಲು ಉಳಿಗೆ ಸುಲಭವಾಗಿ ಬಗ್ಗುವ ಕಲ್ಲಲ್ಲ. ಆದರೂ ಒಂದೇ ಆನೆಯನ್ನು ತೊಂಬತ್ತು ಸಲ ಕಡೆಯಲು ಆ ಕೈಗಳು ಒಪ್ಪಲಿಲ್ಲ. ಮುಂದಿನ ಸ್ವರ್ಗಮಂಟಪಕ್ಕೆ ನಲವತ್ತೆಂಟು ಕಂಬಗಳು. ನಡುವೆ ಸುಮಾರು ೧೩ ಅಡಿ ಅಗಲದ ವೃತ್ತಾಕಾರದ ಬಾಯಿ ಆಕಾಶಕ್ಕೆ ತೆರೆದಿದೆ. ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರನು ಆ ಬಾಯಿಯ ನೇರಕ್ಕೆ ಬರುವುದನ್ನು ಕಾಣಲು ಜನ ಸೇರುತ್ತಾರೆ. ಶಿವನ ಮುಂದೆ ನಂದಿಯಿಲ್ಲದಿರುವುದೂ ಇಲ್ಲಿಯ ವಿಶೇಷ. ಸತಿಯು ದಕ್ಷಯಜ್ಞಕ್ಕೆ ನಂದಿಯೊಡನೆ ಹೋದಳು, ಆ ನಂದಿ ಯಡೂರಿನಲ್ಲಿದ್ದಾನೆ ಎಂದು ಸ್ಥಳಪುರಾಣ ಹೇಳುತ್ತದೆ.

ದಕ್ಷಿಣಕ್ಕೆ ನಡೆದರೆ ಉದಾಹರಣೆಗಳು ಹೆಚ್ಚುತ್ತವೆ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ದ್ವಾರಪಾಲಕನ ಕೆಳಗೆ ಆನೆಗೂ ಎತ್ತಿಗೂ ಒಂದೇ ತಲೆಯನ್ನು ಕಡೆದಿದ್ದಾರೆ. ಒಂದು ಕಡೆಯಿಂದ ನೋಡಿದರೆ ಆನೆ, ಇನ್ನೊಂದು ಕಡೆಯಿಂದ ನೋಡಿದರೆ ಎತ್ತು. ಅದೇ ಗುಹೆಯ ತಳಭಾಗದಲ್ಲಿ ಕುಬ್ಜ ಗಣಗಳು ಕುಣಿಯುತ್ತವೆ. ಬಳ್ಳಿಗಾವೆಯ ತ್ರಿಪುರಾಂತಕೇಶ್ವರನ ಗುಡಿಯಲ್ಲಿ ಪಂಚತಂತ್ರದ ಕಥೆಗಳಿವೆ. ಹಂಸಗಳು ಕೋಲಿನಲ್ಲಿ ಹೊತ್ತೊಯ್ದ ಆಮೆ ಅಲ್ಲಿ ಕಲ್ಲಾಗಿ ಉಳಿದಿದೆ. ದುರ್ಗಸಿಂಹನು ೧೦೩೧ರಲ್ಲಿ ಕನ್ನಡಕ್ಕೆ ತಂದ ಕಥಾಭಂಡಾರವನ್ನು ಅಕ್ಷರ ಬಾರದ ಭಕ್ತನೂ ಗೋಡೆಯಲ್ಲಿ ಓದಬಹುದಾಗಿತ್ತು. ೧೧೧೭ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಗುಡಿಯಲ್ಲಿ ಮದನಿಕೆಯೊಬ್ಬಳ ತಲೆಯ ಮೇಲಿನ ಲತೆಯಲ್ಲಿ ಹಣ್ಣಿಗೆ ಕೂತ ನೊಣವನ್ನು ಹಲ್ಲಿಯೊಂದು ಹೊಂಚುತ್ತಿದೆ. ಮೃದುವಾದ ಬಳಪದ ಕಲ್ಲು ಇಂಥ ಸೂಕ್ಷ್ಮಕ್ಕೆ ಒದಗಿತು.

ಗುಡಿಯ ಹೊರಗೂ ಈ ಕೈಗಳ ಗುರುತುಂಟು. ಪಟ್ಟದಕಲ್ಲಿನ ಸಮೀಪದ ಶಂಕರಲಿಂಗನಗುಂಡು ಎಂಬಲ್ಲಿ ಚಾಲುಕ್ಯರ ಕಾಲದ ಕಲ್ಲುಗಣಿಯಿದೆ. ಮರಳುಗಲ್ಲನ್ನು ಸೀಳಿ ಸಾಗಿಸಿದವರು ಅಲ್ಲಿಯ ಬಂಡೆಗಳ ಮೇಲೆ ತಮ್ಮ ಹೆಸರುಗಳನ್ನೂ ದೇವತೆಗಳ ರೇಖಾರೂಪಗಳನ್ನೂ ಕೊರೆದು ಹೋಗಿದ್ದಾರೆ. ಯಾವ ಅರಸನೂ ಅವನ್ನು ಕೇಳಿರಲಾರ. ಹಂಪೆಯ ಬಂಡೆಗಳಲ್ಲಿಯೂ ಮಂಟಪಗಳ ನೆಲಹಾಸಿನಲ್ಲಿಯೂ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು.

ಈ ಕೆಲಸಗಾರರು ಯಾರು? ಈ ಸೀಮೆಯಲ್ಲಿ ಮರಾಠಿ ಆಡುವವರು ಹಳೆಯ ಕಲ್ಲಿನ ಗುಡಿಯನ್ನೆಲ್ಲ ‘ಹೇಮಾಡಪಂತಿ’ ಎನ್ನುತ್ತಾರೆ. ಕನ್ನಡ ಆಡುವವರು ‘ಜಕಣಾಚಾರಿ ಕಟ್ಟಿದ್ದು’ ಎನ್ನುತ್ತಾರೆ. ಎರಡು ಭಾಷೆಗಳೂ ನೂರಾರು ಕೈಗಳ ಕೀರ್ತಿಯನ್ನು ಒಬ್ಬೊಬ್ಬನ ಹೆಸರಿಗೆ ಕಟ್ಟಿಬಿಟ್ಟಿವೆ. ಯಾದವರ ಮಂತ್ರಿ ಹೇಮಾದ್ರಿ ಇದ್ದುದು ೧೩ನೆಯ ಶತಮಾನದಲ್ಲಿ. ಖಿದ್ರಾಪುರದ ಗುಡಿ ಅವನಿಗಿಂತ ಹಳೆಯದು. ಶಾಸನಗಳಾದರೋ ಬೇರೆ ಹೆಸರುಗಳನ್ನು ಹೇಳುತ್ತವೆ. ಪಟ್ಟದಕಲ್ಲಿನಲ್ಲಿ ಗುಂಡ ಅನಿವಾರಿತಾಚಾರಿ ಮತ್ತು ರೇವಡಿ ಓವಜ್ಜ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಹಾಗೂ ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಹೆಸರು ಬರೆಯಿಸುವ ಯೋಗ್ಯತೆ ದೊರೆತವರು ಇವರು. ದೊರೆಯದವರಿಗೆ ಆ ಆನೆಯೂ ಆ ಕಪಿಯೂ ರುಜುವಾಗಿ ಉಳಿದಿವೆ.

ದೇವಸನ್ನಿಧಿಯಲ್ಲಿ ವಿನೋದ ಸಲ್ಲುವುದೆ ಎಂದು ಕೇಳಬಹುದು. ಜಗತ್ತನ್ನೇ ಈಶ್ವರನ ಲೀಲೆಯೆಂದು ನಂಬುವವರಿಗೆ ಇದರಲ್ಲಿ ವಿರೋಧವಿಲ್ಲ. ಶಿವನ ಪರಿವಾರದಲ್ಲಿ ನಗುವ ಗಣಗಳಿದ್ದಾರೆ. ಗಣಪತಿಯ ವಾಹನ ಇಲಿ. ದಿನವಿಡೀ ಬಿಸಿಲಲ್ಲಿ ಕಲ್ಲು ಕುಟ್ಟಿದವನು ತನ್ನ ನಗುವನ್ನೂ ದೇವರ ಪಾದದ ಬಳಿ ಇಟ್ಟುಹೋದನೆಂದರೆ ಅದೂ ಒಂದು ಸಮರ್ಪಣೆಯೇ.

ಜೀರ್ಣೋದ್ಧಾರಕ್ಕೆ ಕೈಹಾಕಿದವರ ಹೊಣೆ ಇಲ್ಲಿಂದ ಆರಂಭವಾಗುತ್ತದೆ. ಖಿದ್ರಾಪುರದಂತಹ ಗುಡಿಗಳಿಗೆ ಸರಕಾರದ ರಕ್ಷಣೆಯಿದೆ. ಊರೂರಿನ ಅನೇಕ ಸಣ್ಣ ಗುಡಿಗಳಿಗೆ ಊರವರೇ ರಕ್ಷಕರು. ಮೂಲವಿಗ್ರಹವನ್ನು ಎಲ್ಲರೂ ಕಾಪಾಡುತ್ತಾರೆ. ನಾಶವಾಗುವುದು ಕಂಬದ ಬುಡದ ಈ ಸಣ್ಣ ರೂಪಗಳು. ವರ್ಷವರ್ಷದ ಸುಣ್ಣ ಅವುಗಳ ಕಣ್ಣು ಮುಚ್ಚುತ್ತದೆ. ಎಣ್ಣೆಬಣ್ಣ ಗೆರೆಗಳನ್ನು ತುಂಬುತ್ತದೆ. ಯಂತ್ರದಿಂದ ಮರಳು ಊದಿ ತೊಳೆದರೆ ಕಲ್ಲಿನ ಮೇಲ್ಮೈಯೇ ಸವೆಯುತ್ತದೆ. ಹೊಳೆಯುವ ಹೊಸ ಹಾಸುಗಲ್ಲಿನಡಿ ಆಟದ ಮನೆಗಳು ಹೂತುಹೋಗುತ್ತವೆ.

ಆದಕಾರಣ ಕೆಲಸ ಆರಂಭಿಸುವ ಮುನ್ನ ಒಂದು ಸಂಜೆ ದೀಪವನ್ನು ಗೋಡೆಗೆ ಓರೆಯಾಗಿ ಹಿಡಿದು ಗುಡಿಯನ್ನು ಸುತ್ತಬೇಕು. ಓರೆ ಬೆಳಕಿನಲ್ಲಿ ಸವೆದ ಗೆರೆಯ ನೆರಳೂ ಎದ್ದು ಕಾಣುತ್ತದೆ. ಕಂಡ ರೂಪಗಳ ಚಿತ್ರ ತೆಗೆದು, ಯಾವ ಕಂಬ, ಯಾವ ಮುಖ ಎಂದು ಬರೆದಿಡಬೇಕು. ಮೃದುವಾದ ಕುಂಚ, ಶುದ್ಧ ನೀರು, ತಾಳ್ಮೆ ಇವೇ ಮೊದಲ ಸಾಧನಗಳು. ಸೊಂಡಿಲು ಮುರಿದ ಆನೆಗೆ ಸಿಮೆಂಟಿನ ಸೊಂಡಿಲು ಬೇಡ; ಮುರಿದದ್ದೂ ಅದರ ಇತಿಹಾಸವೇ.

ಉದ್ಧಾರವೆಂದರೆ ಮೇಲೆತ್ತುವುದು, ಮುಚ್ಚುವುದಲ್ಲ. ಹೊಸ ಕಳಸಕ್ಕೆ ಕಾಣಿಕೆ ಕೊಟ್ಟವರ ಹೆಸರು ಫಲಕದಲ್ಲಿ ಉಳಿಯುತ್ತದೆ. ಹೆಸರಿಲ್ಲದೆ ದುಡಿದವನ ಆನೆಯೂ ಅದರ ಪಕ್ಕದಲ್ಲಿ ಉಳಿಯಲಿ. ಮುಂದೆ ಅಜ್ಜನ ಕೈಹಿಡಿದು ಗುಡಿಗೆ ಬರುವ ಮಗು ಮೊದಲು ಗುರುತಿಸುವುದು ಬಹುಶಃ ಅದನ್ನೇ.